ಸಕ್ಕರೆ ಕಾಯಿಲೆಯಲ್ಲಿ ರಕ್ತದ ಹೆಪ್ಪು ಮತ್ತು ಸುಳಿವು ಕೊಡದ ಹೃದ್ರೋಗ

ಈ ಪತ್ರಿಕೆಯಲ್ಲಿ ಕೊಳೆರೋಗ, ಬೇರುಹುಳು, ಗೊಬ್ಬರ, ಧಾರಣೆಗಳ ಮಾತೇ ಹೆಚ್ಚು. ತೋಟದ ಯಜಮಾನನ ಮೈಯ ಮಾತು ಬರುವುದು ಕಡಿಮೆ. ಆದರೆ ಈಚಿನ ವರ್ಷಗಳಲ್ಲಿ ಗೋವಿನಕೋವಿಯಲ್ಲಾಗಲಿ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಬೆಳೆಗಾರರು ಸೇರಿದಲ್ಲಾಗಲಿ, ಅಡಿಕೆಯ ರೇಟು ಕೇಳಿದ ಮರುಗಳಿಗೆಯಲ್ಲೇ ಶುಗರ್ ಎಷ್ಟು ಬಂತೆಂದು ಕೇಳುವುದು ರೂಢಿಯಾಗಿಬಿಟ್ಟಿದೆ. ಕೇಳಿಸಿಕೊಂಡವರು ಕೊಡುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಇನ್ನೂರರ ಮೇಲೆ ಐತೆ, ಆದ್ರೆ ನಂಗೇನೂ ಆಗಿಲ್ಲ.’ ಈ ‘ಏನೂ ಆಗಿಲ್ಲ’ ಎಂಬ ಮಾತನ್ನೇ ಇಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇವೆ. ಸಕ್ಕರೆ ಕಾಯಿಲೆಯಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಒಂದು, ರಕ್ತವು ಬೇಕಿಲ್ಲದ ಕಡೆ ಸುಲಭವಾಗಿ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಇನ್ನೊಂದು, ಹೃದಯವು ತನಗಾದ ತೊಂದರೆಯನ್ನು ನೋವಿನ ಮೂಲಕ ತಿಳಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇವೆರಡೂ ಕೂಡಿದಾಗ ‘ಏನೂ ಆಗಿಲ್ಲ’ ಎನ್ನುವವರ ಹೃದಯದಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿರಬಹುದು.

2025ರ ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಕಾಫಿ ಬೆಳೆಗಾರ ಬಂಧುಗಳಿರುವ ಹಾಸನ ಜಿಲ್ಲೆಯಿಂದ ದಿನವೂ ಹೃದಯಾಘಾತದ ಸುದ್ದಿ ಬರುತ್ತಿದ್ದುದು ವಾಚಕರಿಗೆ ನೆನಪಿರಬಹುದು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ, ಅದರಲ್ಲೂ ಎಳೆಯ ವಯಸ್ಸಿನವರು, ತೀರಿಕೊಂಡರೆಂದು ಪತ್ರಿಕೆಗಳು ಬರೆದವು. ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಪರೀಕ್ಷೆಗಾಗಿ ಜನ ಸಾಲುಗಟ್ಟಿದರು. ಸರ್ಕಾರವು ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಹೃದಯಾಘಾತಗಳು ಅಸಾಧಾರಣವಾಗಿ ಏರಿದ್ದಕ್ಕೆ ಆಧಾರವಿಲ್ಲವೆಂದೂ, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲವೆಂದೂ, ಹಿಂದಿನಿಂದ ತಿಳಿದ ಕಾರಣಗಳಾದ ಧೂಮಪಾನ, ಮದ್ಯ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೊದಲಾದವುಗಳೇ ಇಲ್ಲಿಯೂ ಇದ್ದುವೆಂದೂ ಸಮಿತಿ ತಿಳಿಸಿತು. ಲಸಿಕೆಯ ಚರ್ಚೆ ಊರೂರಿನ ಕಟ್ಟೆಗಳ ಮೇಲೆ ತಿಂಗಳುಗಟ್ಟಲೆ ನಡೆಯಿತು. ಸಕ್ಕರೆ ಕಾಯಿಲೆಯ ಮಾತನ್ನು ಯಾರೂ ಎತ್ತಲಿಲ್ಲ. ಹಳೆಯ ಕಾರಣಗಳಲ್ಲಿ ಜನರಿಗೆ ರುಚಿಯಿಲ್ಲವೆಂದು ಕಾಣುತ್ತದೆ.

ಈ ಹಳೆಯ ಕಾರಣಗಳನ್ನು ನಮ್ಮ ರಾಜ್ಯದಲ್ಲೇ ಅಳತೆ ಮಾಡಿ ನೋಡಿದ್ದುಂಟು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪಾಯಸ್ ಮತ್ತು ಸಂಗಡಿಗರು ಹೃದಯಾಘಾತವಾದ 200 ಜನರನ್ನೂ ಆಗದ 200 ಜನರನ್ನೂ ಹೋಲಿಸಿ, 1996ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ದಿನಕ್ಕೆ 10 ಅಥವಾ ಹೆಚ್ಚು ಬೀಡಿ, ಸಿಗರೇಟು ಸೇದುವವರಲ್ಲಿ ಅಪಾಯ ಆರು ಪಟ್ಟಿಗೂ ಮಿಕ್ಕಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿತ್ತು. ಇನ್ನೂ ಒಂದು ಅಂಶ ಗಮನಿಸತಕ್ಕದ್ದು. ಖಾಲಿ ಹೊಟ್ಟೆಯ ಸಕ್ಕರೆ ಏರಿದಂತೆಲ್ಲ ಅಪಾಯವೂ ಏರುತ್ತ ಹೋಗುತ್ತಿತ್ತು, ಅದೂ ನಾವು ‘ನಾರ್ಮಲ್’ ಎಂದು ಸಮಾಧಾನ ಪಡುವ ಮಟ್ಟದಿಂದಲೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು, ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು ಎಂದು ಅಂದಾಜಾಯಿತು. ಇದು ಪೇಟೆಯವರ ರೋಗವೆಂಬ ಮಾತಿಗೆ ಈಗ ಅರ್ಥ ಉಳಿದಿಲ್ಲ. ಹಿಂದೆ ನಡೆದು ಹೋಗುತ್ತಿದ್ದ ತೋಟಕ್ಕೆ ನಾವು ಈಗ ಬೈಕಿನಲ್ಲಿ ಹೋಗುತ್ತೇವೆ. ಮೋಟಾರು ನೀರು ಹಾಯಿಸುತ್ತದೆ, ಯಂತ್ರ ಅಡಿಕೆ ಸುಲಿಯುತ್ತದೆ, ಊಟದ ಪ್ರಮಾಣ ಮಾತ್ರ ನೇಗಿಲ ಕಾಲದ್ದೇ ಉಳಿದಿದೆ.

ಈಗ ಹೆಪ್ಪಿನ ವಿಷಯ. ಹಾಲಿಗೆ ಹೆಪ್ಪು ಹಾಕುವ ಮನೆಯವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹದ ಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಬಿದ್ದರೆ ಬೆಳಗಿನ ಹೊತ್ತಿಗೆ ಮೊಸರಾಗುತ್ತದೆ. ಹೆಪ್ಪು ಬೀಳದಿದ್ದರೆ ಹಾಲು ಹಾಲಾಗಿಯೇ ಇರುತ್ತದೆ. ರಕ್ತದಲ್ಲಿ ಮಾತ್ರ ಹೆಪ್ಪುಗಟ್ಟುವ ಸಾಮಗ್ರಿಯೆಲ್ಲ ಸದಾ ಸಿದ್ಧವಾಗಿಯೇ ಇರುತ್ತದೆ, ಆದರೆ ಸುಮ್ಮನೆ ಹರಿಯುತ್ತಿರುತ್ತದೆ. ಕುಡುಗೋಲು ತಾಗಿ ಬೆರಳು ಕೊಯ್ದಾಗ ನಡೆಯುವುದನ್ನು ನೋಡಿ. ಮೊದಲು ಗಾಯದ ಬಾಯಿಗೆ ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಬಂದು ಅಂಟಿಕೊಳ್ಳುತ್ತವೆ. ಡೆಂಗಿ ಜ್ವರ ಬಂದಾಗ ಎಣಿಸಿ ಹೇಳುತ್ತಾರಲ್ಲ, ಅವೇ ಇವು. (ಜನ ಇವನ್ನು ಬಿಳಿ ರಕ್ತಕಣವೆನ್ನುವುದುಂಟು; ಅದು ಬೇರೆ, ಇದು ಬೇರೆ.) ಆಮೇಲೆ ರಕ್ತದಲ್ಲಿ ಕರಗಿಕೊಂಡಿರುವ ಫೈಬ್ರಿನೋಜೆನ್ ಎಂಬ ಸಸಾರಜನಕವು ಫೈಬ್ರಿನ್ ಎಂಬ ನಾರಿನ ಎಳೆಗಳಾಗಿ ಮಾರ್ಪಟ್ಟು, ಆ ಕಣಗಳ ಮೇಲೆ ಬಲೆ ಹೆಣೆಯುತ್ತದೆ. ಬಲೆಯಲ್ಲಿ ಕೆಂಪು ಕಣಗಳು ಸಿಕ್ಕಿ ಗಟ್ಟಿಯಾದ ಮುಚ್ಚಳವಾಗುತ್ತದೆ. ಗಾಯ ಮಾಯ್ದ ಮೇಲೆ ಪ್ಲಾಸ್ಮಿನ್ ಎಂಬ ಕಿಣ್ವವು ಈ ಬಲೆಯನ್ನು ಕತ್ತರಿಸಿ ಕರಗಿಸಿಬಿಡುತ್ತದೆ. ಕಟ್ಟುವ ಕೆಲಸಕ್ಕೂ ಕರಗಿಸುವ ಕೆಲಸಕ್ಕೂ ಇರುವ ಈ ಸಮತೂಕದ ಮೇಲೆ ಮನುಷ್ಯನ ಜೀವ ನಿಂತಿದೆ. ಒಂದು ಕಡೆ ತಗ್ಗಿದರೆ ರಕ್ತ ಸೋರಿ ಅಪಾಯ. ಇನ್ನೊಂದು ಕಡೆ ತಗ್ಗಿದರೆ ನಾಳದೊಳಗೇ ಹೆಪ್ಪುಗಟ್ಟಿ ಅಪಾಯ.

ಸಕ್ಕರೆ ಕಾಯಿಲೆ ಈ ತಕ್ಕಡಿಯನ್ನು ಒಂದೇ ಕಡೆಯಿಂದಲ್ಲ, ನಾಲ್ಕೂ ಕಡೆಯಿಂದ ವಾಲಿಸುತ್ತದೆ. ರಕ್ತನಾಳದ ಒಳಮೈ ಆರೋಗ್ಯವಾಗಿದ್ದಾಗ ನುಣುಪಾಗಿದ್ದು, ಕಣಗಳು ಅಂಟದಂತೆ ತಡೆಯುವ ರಾಸಾಯನಿಕಗಳನ್ನು ತಾನೇ ಹೊರಡಿಸುತ್ತಿರುತ್ತದೆ. ಸಕ್ಕರೆ ವರ್ಷಗಟ್ಟಲೆ ಏರಿ ನಿಂತರೆ ಈ ಒಳಮೈ ಬಡವಾಗುತ್ತದೆ, ತಡೆಯುವ ರಾಸಾಯನಿಕಗಳು ಕಡಿಮೆಯಾಗುತ್ತವೆ. ಇತ್ತ ಪ್ಲೇಟ್‌ಲೆಟ್ ಕಣಗಳೂ ಮುಂಗೋಪಿಗಳಾಗುತ್ತವೆ. ಸಣ್ಣ ನೆಪ ಸಿಕ್ಕರೂ ಒಂದಕ್ಕೊಂದು ಅಂಟಿ ಗುಂಪುಗಟ್ಟುತ್ತವೆ. ಫೈಬ್ರಿನೋಜೆನ್ನಿನ ಪ್ರಮಾಣವೂ ಏರುತ್ತದೆ.

ಇದಕ್ಕಿಂತ ಮುಖ್ಯವಾದುದು ಬಲೆಯ ಗುಣ. ಕೆಂಪಡಿಕೆ ಮಾಡುವ ನಮಗೆ ಚೊಗರಿನ ಪರಿಚಯ ಚೆನ್ನಾಗಿದೆ. ಬೆಂದ ಅಡಿಕೆಗೆ ಚೊಗರು ಹತ್ತಿ ಒಣಗಿದ ಮೇಲೆ ಆ ಬಣ್ಣವನ್ನು ತೊಳೆದು ತೆಗೆಯಲಾಗದು. ರಕ್ತದಲ್ಲಿ ಹೆಚ್ಚಾದ ಸಕ್ಕರೆಯೂ ಇದೇ ರೀತಿ ಸಸಾರಜನಕಗಳಿಗೆ ಮೆತ್ತಿಕೊಳ್ಳುತ್ತದೆ. ಮೂರು ತಿಂಗಳ ಸರಾಸರಿ ಎಂದು ಮಾಡಿಸುವ ಎಚ್‌.ಬಿ. ಎ-ಒನ್‌-ಸಿ ಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ: ಸುಮಾರು 120 ದಿನ ಬದುಕುವ ಕೆಂಪು ಕಣದ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಮೆತ್ತಿದೆ ಎಂಬುದನ್ನು. ಫೈಬ್ರಿನ್ನಿಗೂ ಸಕ್ಕರೆ ಮೆತ್ತುತ್ತದೆ. ಹಾಗೆ ಮೆತ್ತಿದ ನಾರಿನಿಂದ ಹೆಣೆದ ಬಲೆಯ ಕಣ್ಣುಗಳು ಕಿರಿದು, ಹೆಣಿಗೆ ಒತ್ತು. ಕರಗಿಸುವ ಕಿಣ್ವಕ್ಕೆ ಒಳಗೆ ನುಗ್ಗಲು ಜಾಗವೇ ಸಾಲದು. ಸಾಲದುದಕ್ಕೆ, ಪ್ಲಾಸ್ಮಿನ್ ತಯಾರಾಗುವುದನ್ನೇ ತಡೆಹಿಡಿಯುವ ಪಿ.ಎ.ಐ.-1 ಎಂಬ ಇನ್ನೊಂದು ವಸ್ತು ಸಕ್ಕರೆ ಕಾಯಿಲೆಯವರಲ್ಲಿ, ವಿಶೇಷವಾಗಿ ಹೊಟ್ಟೆ ಮುಂದೆ ಬಂದವರಲ್ಲಿ, ಹೆಚ್ಚಾಗಿರುತ್ತದೆ. ಹೊಟ್ಟೆಯ ಕೊಬ್ಬು ಕೂಡ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಹೀಗೆ ಹೆಪ್ಪು ಬೇಗ ಕಟ್ಟುತ್ತದೆ, ಗಟ್ಟಿಯಾಗಿ ಕಟ್ಟುತ್ತದೆ, ಕಟ್ಟಿದ್ದು ಬೇಗ ಕರಗುವುದಿಲ್ಲ.

ಇಷ್ಟರಿಂದಲೇ ಹೃದಯಾಘಾತ ಆಗುವುದಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಗೋಡೆಯಲ್ಲಿ ಕೊಬ್ಬಿನ ಗಡ್ಡೆಗಳು ವರ್ಷಗಳಿಂದ ಬೆಳೆಯುತ್ತಿರುತ್ತವೆ. ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿ ತೂತು ಸಣ್ಣದಾಗುವುದನ್ನು ನೆನೆಸಿಕೊಂಡರೆ ಅರ್ಧ ವಿಷಯ ತಿಳಿಯುತ್ತದೆ. ಉಳಿದರ್ಧ ಬೇರೆಯೇ ಇದೆ: ಪೈಪಿನ ಉಪ್ಪು ನಿಧಾನವಾಗಿ ಕಟ್ಟಿ ನಿಧಾನವಾಗಿ ಮುಚ್ಚುತ್ತದೆ, ನಾಳದ ಗಡ್ಡೆ ಒಂದು ದಿನ ಥಟ್ಟನೆ ಒಡೆಯುತ್ತದೆ. ಒಡೆದ ಜಾಗವನ್ನು ರಕ್ತ ಗಾಯವೆಂದು ತಿಳಿದು ಹೆಪ್ಪುಗಟ್ಟುತ್ತದೆ. ಆರೋಗ್ಯವಂತನಲ್ಲಿ ಆ ಹೆಪ್ಪು ಸಣ್ಣದಾಗಿ ಕಟ್ಟಿ ಕರಗಿಹೋಗುವ ಸಂಭವ ಉಂಟು. ಸಕ್ಕರೆ ಕಾಯಿಲೆಯವನಲ್ಲಿ ಅದು ದೊಡ್ಡದಾಗಿ ಕಟ್ಟಿ ನಾಳವನ್ನೇ ಮುಚ್ಚುವ ಸಂಭವ ಹೆಚ್ಚು. ಮಿದುಳಿನ ನಾಳದಲ್ಲಿ ಇದೇ ಆದರೆ ಲಕ್ವ ಹೊಡೆಯುತ್ತದೆ. ಗಡ್ಡೆ ಅರ್ಧದಷ್ಟೂ ಮುಚ್ಚಿರದ ನಾಳದಲ್ಲಿ ಕೂಡ ಹೀಗಾಗಬಹುದಾದ್ದರಿಂದ, ‘ಹೋದ ತಿಂಗಳು ತಾನೇ ಎಲ್ಲ ಪರೀಕ್ಷೆ ಮಾಡಿಸಿದ್ದರು, ಏನೂ ಇರಲಿಲ್ಲ’ ಎಂದು ಸಾವಿನ ಮನೆಯಲ್ಲಿ ಕೇಳಿಬರುವ ಮಾತು ಸುಳ್ಳೇನಲ್ಲ.

ಪಿ.ಎ.ಐ.-1 ಬೆಳಗಿನ ಹೊತ್ತು ಅತಿ ಹೆಚ್ಚಾಗಿರುತ್ತದೆ. ಪ್ಲೇಟ್‌ಲೆಟ್‌ಗಳೂ ಆಗಲೇ ಚುರುಕು. ಬೆಳಗಿನ ಆರರಿಂದ ಮಧ್ಯಾಹ್ನದವರೆಗಿನ ಅವಧಿಯಲ್ಲಿ ಹೃದಯಾಘಾತಗಳು ಹೆಚ್ಚಾಗಿ ಕಂಡುಬರಲು ಇದೊಂದು ಕಾರಣ. ಬೀಡಿಯ ಹೊಗೆ ಫೈಬ್ರಿನೋಜೆನ್ನನ್ನು ಏರಿಸುತ್ತದೆ. ಸಕ್ಕರೆ ಬಹಳ ಏರಿ ಪದೇ ಪದೇ ಮೂತ್ರವಾಗಿ ಮೈಯ ನೀರು ಬತ್ತಿದಾಗಲೂ ರಕ್ತ ಮಂದವಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ತೋಟದ ಕೆಲಸಕ್ಕೆ ನಿಂತವರು ಇದನ್ನು ಮರೆಯಬಾರದು.

ಎರಡನೆಯ ಸಂಗತಿಗೆ ಬರೋಣ. ಹೃದಯಾಘಾತವೆಂದರೆ ಎದೆಯ ಮೇಲೆ ಕಲ್ಲು ಹೇರಿದಂಥ ನೋವು, ಎಡಗೈಗೆ ಹರಿಯುವ ಸೆಳೆತ ಎಂದು ಎಲ್ಲರೂ ಕೇಳಿದ್ದೇವೆ. ಆದರೆ ನೋವು ಮಿದುಳಿಗೆ ಮುಟ್ಟಬೇಕಾದರೆ ನರ ಬೇಕು. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಕೆಡಿಸುವುದು ಎಲ್ಲರಿಗೂ ಗೊತ್ತು. ಚಪ್ಪಲಿ ಕಳಚಿ ಬಿದ್ದರೂ ತಿಳಿಯದವರು, ಮುಳ್ಳು ಚುಚ್ಚಿ ಕೀವಾದ ಮೇಲೆ ನೋಡಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಪಾದಕ್ಕೆ ಆದದ್ದು ಹೃದಯದ ನರಗಳಿಗೂ ಆಗುತ್ತದೆ. ಕಾಫಿ ಬೆಳೆಗಾರರಿಗೆ ಬಿಳಿ ಕಾಂಡಕೊರಕದ ಉದಾಹರಣೆ ಸಾಕು: ಗಿಡ ಹೊರಗೆ ಹಸಿರಾಗಿಯೇ ನಿಂತಿರುತ್ತದೆ, ಕಾಂಡದ ಮೇಲಿನ ಉಬ್ಬುಗೆರೆಗಳನ್ನು ನೋಡಿ ಗುರುತಿಸಬಲ್ಲ ಕಣ್ಣಿಗೆ ಮಾತ್ರ ಒಳಗಿನ ಹುಳು ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ಕೊನೆ ಕೊಯ್ಲಿನ ಕಾಲದಲ್ಲಿ, ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ನಮ್ಮ ಪರಿಚಯದ ಬೆಳೆಗಾರರೊಬ್ಬರು ಬೆಳಗಿನ ಜಾವ ಅಡಿಕೆ ಬೇಯಿಸುವ ಒಲೆಯ ಬಳಿಯಿಂದ ಎದ್ದು ಬಂದು ಜಗುಲಿಯ ಮೇಲೆ ಕೂತರು. ಮೈಯೆಲ್ಲ ಬೆವರು, ವಾಕರಿಕೆ. ನೋವೇನೂ ಇಲ್ಲ. ‘ಶುಗರ್ ಇಳಿದಿರ್ಬೇಕು, ಒಂಚೂರು ಸಕ್ಕರೆ ಬಾಯಿಗೆ ಹಾಕ್ಕಳ್ಳಿ’ ಎಂದು ಮನೆಯವರು ಕೊಟ್ಟರು. ಒಲೆಯ ಶಾಖಕ್ಕೆ ಪಿತ್ತವಾಗಿದೆಯೆಂದು ಅಣ್ಣ ನಿಂಬೆಹಣ್ಣಿನ ಪಾನಕ ಮಾಡಿಸಿದರು. ಮಗ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 240! ಇಳಿದಿಲ್ಲದ ಮೇಲೆ ಈ ಬೆವರು ಯಾವುದರದ್ದೆಂದು ಅವನಿಗೆ ಅನುಮಾನ ಬಂದು, ಅಪ್ಪ ಬೇಡವೆಂದರೂ ಕೇಳದೆ ಗಾಡಿ ಹತ್ತಿಸಿದ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದಾಗ ಹೃದಯಾಘಾತ ನಡೆಯುತ್ತಿರುವುದು ಕಂಡಿತು. ಅಷ್ಟೇ ಅಲ್ಲ, ಹಳೆಯದೊಂದರ ಗುರುತೂ ಇತ್ತು. ಮೊದಲನೆಯದು ಯಾವಾಗ ಬಂದಿತ್ತೆಂದು ವೈದ್ಯರು ಕೇಳಿದರೆ ಅವರಿಗೆ ಗೊತ್ತಿಲ್ಲ. ‘ಹೋದ ಬ್ಯಾಸಿಗೇಲಿ ಎರಡು ದಿನ ಸುಸ್ತು ಅಂತ ಮಲಗಿದ್ದೆ ಸಾರ್, ಅಷ್ಟೇ’ ಎಂದರಂತೆ. ಅವರು ಬದುಕಿದರು. ಆದರೆ ಹೃದಯದ ಬಲ ಕುಂದಿದೆ. ತೋಟದ ಏರಿಯನ್ನು ಒಂದೇ ಉಸಿರಿಗೆ ಹತ್ತಲಾರರು.

ಈ ಒಂದು ಪ್ರಸಂಗದಲ್ಲಿ ತಿಳಿಯಬೇಕಾದದ್ದು ಬಹಳವಿದೆ. ಸಕ್ಕರೆ ಇಳಿದಾಗಲೂ ಬೆವರುತ್ತದೆ, ಹೃದಯಾಘಾತದಲ್ಲೂ ಬೆವರುತ್ತದೆ. ಬೇರ್ಪಡಿಸಿ ಹೇಳುವುದು ಗ್ಲೂಕೋಮೀಟರು. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಸಿಹಿ ಕೊಡಿ. ಆಮೇಲೂ ಬೆವರು ನಿಲ್ಲದಿದ್ದರೆ, ಅಥವಾ ಸಕ್ಕರೆ ಇಳಿದಿಲ್ಲದಿದ್ದರೆ, ಇ.ಸಿ.ಜಿ. ಆಗಲೇಬೇಕು. ಕಾರಣವಿಲ್ಲದ ಉಬ್ಬಸ, ಹಿಂದೆ ಇಲ್ಲದಿದ್ದ ಆಯಾಸ, ದವಡೆ ಅಥವಾ ಕತ್ತಿನ ಬಿಗಿತ, ಹೊಟ್ಟೆಯ ಮೇಲುಭಾಗದ ಸಂಕಟ, ತಲೆಸುತ್ತು, ಔಷಧಿ ತಪ್ಪದಿದ್ದರೂ ಸಕ್ಕರೆ ಏಕಾಏಕಿ ಏರುವುದು, ಇವೆಲ್ಲ ನೋವಿನ ಬದಲಿಗೆ ಬರುವ ಸೂಚನೆಗಳಾಗಿರಬಹುದು. ಇವನ್ನು ‘ಗ್ಯಾಸ್ಟ್ರಿಕ್’ ಎಂಬ ಒಂದೇ ಚೀಲಕ್ಕೆ ತುಂಬುವ ಅಭ್ಯಾಸ ನಮ್ಮ ಕಡೆ ಬಹಳ. ಹೆಂಗಸರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮುಟ್ಟು ನಿಲ್ಲುವ ವಯಸ್ಸಿನ ತನಕ ಹೆಂಗಸಿಗೆ ಹೃದ್ರೋಗದಿಂದ ಪ್ರಕೃತಿ ಕೊಟ್ಟ ರಕ್ಷಣೆಯನ್ನು ಸಕ್ಕರೆ ಕಾಯಿಲೆ ಬಹುಮಟ್ಟಿಗೆ ಕಿತ್ತುಕೊಳ್ಳುತ್ತದೆ. ಆದರೆ ಮನೆಯ ಹೆಂಗಸು ಸುಸ್ತೆಂದರೆ ‘ಕೆಲಸ ಜಾಸ್ತಿ ಆಯ್ತು’ ಎನ್ನುತ್ತೇವೆಯೇ ಹೊರತು ಯಾರೂ ಇ.ಸಿ.ಜಿ.ಗೆ ಕರೆದೊಯ್ಯುವುದಿಲ್ಲ.

ಸುಮ್ಮನೆ ಕುಳಿತಾಗಲೂ ನಾಡಿ ನೂರರ ಮೇಲಿರುವುದು, ಮಲಗಿದ್ದವರು ಎದ್ದು ನಿಂತೊಡನೆ ಕಣ್ಣು ಕತ್ತಲೆ ಬರುವುದು, ಹೃದಯದ ನರಗಳು ಕೆಟ್ಟಿರುವುದರ ಗುರುತಾಗಿರಬಹುದು. ಮಲಗಿದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ರಕ್ತದೊತ್ತಡ ನೋಡಿದರೆ ವೈದ್ಯರಿಗೆ ಗೊತ್ತಾಗುತ್ತದೆ, ಖರ್ಚೇನೂ ಇಲ್ಲ.

ನೋವಿಲ್ಲದ ಹೃದಯಾಘಾತ ಎಷ್ಟು ಸಾಮಾನ್ಯವೆಂಬುದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಿಂದ ತಿಳಿದುಬಂತು. ಆ ಊರಿನ ಸಾವಿರಾರು ಜನರನ್ನು 1948ರಿಂದ ಎರಡೆರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಬಂದಾಗ, ಒಟ್ಟು ಹೃದಯಾಘಾತಗಳಲ್ಲಿ ಕಾಲುಭಾಗಕ್ಕೂ ಹೆಚ್ಚಿನವು ಯಾರ ಗಮನಕ್ಕೂ ಬಾರದೆ, ಮುಂದಿನ ಇ.ಸಿ.ಜಿ.ಯಲ್ಲಿ ಮಾತ್ರ ಪತ್ತೆಯಾದುವು.

ಹಾಗಾದರೆ ಸಕ್ಕರೆ ಕಾಯಿಲೆಯವರೆಲ್ಲರೂ ಕೂಡಲೇ ಟ್ರೆಡ್‌ಮಿಲ್, ಸ್ಕ್ಯಾನ್, ಆಂಜಿಯೋಗ್ರಾಮ್ ಮಾಡಿಸಬೇಕೇ? ಹಾಸನದ ಸುದ್ದಿ ಬಂದಾಗ ಜನ ಮಾಡಹೊರಟದ್ದು ಅದನ್ನೇ. ನಮ್ಮ ಅಭಿಪ್ರಾಯ ಬೇರೆ, ಮತ್ತು ಅದಕ್ಕೆ ಆಧಾರವಿದೆ. ಅಮೆರಿಕ, ಕೆನಡಾಗಳಲ್ಲಿ ಯಾವ ತೊಂದರೆಯೂ ಕಾಣದ 1123 ಸಕ್ಕರೆ ಕಾಯಿಲೆಯವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಹೃದಯದ ವಿಶೇಷ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನ್ ಆದವರಲ್ಲಿ ಐವರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ದೋಷ ಕಂಡಿತು. ಆದರೆ ಸುಮಾರು ಐದು ವರ್ಷ ಕಳೆದು 2009ರಲ್ಲಿ ಲೆಕ್ಕ ಹಾಕಿದಾಗ, ಹೃದಯಾಘಾತ ಮತ್ತು ಹೃದಯ ಸಂಬಂಧದ ಸಾವು ಎರಡೂ ಗುಂಪುಗಳಲ್ಲಿ ನೂರಕ್ಕೆ ಮೂರರ ಆಸುಪಾಸು, ಹೆಚ್ಚುಕಡಿಮೆ ಒಂದೇ ಸಮ. ಎರಡೂ ಗುಂಪಿನವರಿಗೂ ಒತ್ತಡದ, ಕೊಲೆಸ್ಟರಾಲಿನ ಔಷಧಿ ಕ್ರಮವಾಗಿ ಸಿಗುತ್ತಿದ್ದುದು ಇದಕ್ಕೆ ಒಂದು ಕಾರಣವೆಂದು ತಿಳಿಯಲಾಗಿದೆ. ಸೂಚನೆ ಕಂಡವರಿಗೆ, ಇ.ಸಿ.ಜಿ.ಯಲ್ಲಿ ದೋಷವಿದ್ದವರಿಗೆ, ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿರುವವರಿಗೆ ಮುಂದಿನ ಪರೀಕ್ಷೆ ಬೇಕೇ ಎಂದು ವೈದ್ಯರು ನೋಡಿ ಹೇಳಲಿ. ಉಳಿದವರು ಸ್ಕ್ಯಾನಿಗೆ ಸುರಿಯುವ ಹಣದಲ್ಲಿ ವರ್ಷಗಟ್ಟಲೆಯ ಔಷಧಿ ಬರುತ್ತದೆ.

ಔಷಧಿಯ ವಿಷಯದಲ್ಲಿ ಮೊದಲು ಆಸ್ಪಿರಿನ್. ರಕ್ತ ‘ತೆಳ್ಳಗೆ’ ಮಾಡುವ ಗುಳಿಗೆಯೆಂದು ಪಕ್ಕದ ಮನೆಯವರನ್ನು ನೋಡಿ ತಾವೂ ನುಂಗುವವರಿದ್ದಾರೆ. ಅದು ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ, ಪ್ಲೇಟ್‌ಲೆಟ್‌ಗಳು ಅಂಟದಂತೆ ಮಾಡುತ್ತದೆ. ಒಮ್ಮೆ ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಅಗತ್ಯ, ತಾವಾಗಿ ನಿಲ್ಲಿಸಲೇಬಾರದು. ಏನೂ ಆಗದ ಸಕ್ಕರೆ ಕಾಯಿಲೆಯವರ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ಇಂಥ 15,480 ಜನರನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಹೃದಯಾಘಾತ, ಲಕ್ವ ಮೊದಲಾದವು ಆಸ್ಪಿರಿನ್ ನುಂಗಿದವರಲ್ಲಿ ನೂರಕ್ಕೆ 8.5, ನುಂಗದವರಲ್ಲಿ 9.6; ಗಂಭೀರ ರಕ್ತಸ್ರಾವ ನುಂಗಿದವರಲ್ಲಿ 4.1, ನುಂಗದವರಲ್ಲಿ 3.2. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗೆ. ಆದ್ದರಿಂದ ಯಾರಿಗೆ ಬೇಕು, ಯಾರಿಗೆ ಬೇಡವೆಂಬುದನ್ನು ವೈದ್ಯರೇ ತೀರ್ಮಾನಿಸತಕ್ಕದ್ದು.

ಸ್ಟಾಟಿನ್ ಗುಳಿಗೆಗಳ ಕಥೆ ಇದಕ್ಕೆ ತಿರುಗುಮುರುಗು: ಬೇಕಾದವರೇ ನಿಲ್ಲಿಸಿಬಿಡುತ್ತಾರೆ. ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ವೈದ್ಯರು ಇದನ್ನು ಬರೆಯುತ್ತಾರೆ. ಮೂರು ತಿಂಗಳ ಮೇಲೆ ಕೊಲೆಸ್ಟರಾಲ್ ನಾರ್ಮಲ್ ಬಂತೆಂದು ಇವರು ಬಿಡುತ್ತಾರೆ. ನಾರ್ಮಲ್ ಬಂದದ್ದು ಗುಳಿಗೆಯಿಂದಲೇ ಎಂಬುದು ಮರೆತುಹೋಗುತ್ತದೆ. ಬೋರ್ಡೋ ಸಿಂಪಡಿಸಿದ್ದಕ್ಕೆ ಕೊಳೆ ಬರಲಿಲ್ಲ, ಹಾಗಾಗಿ ಇನ್ನು ಬೋರ್ಡೋ ಬೇಡ ಎಂದು ನಾವು ಯಾರಾದರೂ ಹೇಳುತ್ತೇವೆಯೇ? ಈ ಗುಳಿಗೆ ಕೊಲೆಸ್ಟರಾಲನ್ನು ಇಳಿಸುವುದರ ಜೊತೆಗೆ ನಾಳದ ಗಡ್ಡೆ ಒಡೆಯದಂತೆ ಗಟ್ಟಿ ಮಾಡುತ್ತದೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೃದ್ರೋಗವಿಲ್ಲದ 2838 ಸಕ್ಕರೆ ಕಾಯಿಲೆಯವರಲ್ಲಿ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ನುಂಗಿದವರಿಗೆ ಹೃದಯಾಘಾತ, ಲಕ್ವಗಳಂಥ ಆಘಾತಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾದುವು. ಜನೌಷಧಿ ಅಂಗಡಿಯಲ್ಲಿ ಇದು ಅಗ್ಗಕ್ಕೇ ಸಿಗುತ್ತದೆ.

ಸಕ್ಕರೆಯನ್ನು ಇಳಿಸುವುದರಲ್ಲೂ ಆತುರ ಸಲ್ಲದು. 2008ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಸಕ್ಕರೆಯನ್ನು ತೀರ ಬಿಗಿಯಾಗಿ ಹಿಡಿದಿಟ್ಟ ಗುಂಪಿನಲ್ಲಿ ಸಾವುಗಳೇ ಹೆಚ್ಚಾಗಿ ಆ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸಕ್ಕರೆ ತೀರ ಕುಸಿದಾಗಲೂ ಪ್ಲೇಟ್‌ಲೆಟ್‌ಗಳು ಕೆರಳುತ್ತವೆ. ಎ-ಒನ್‌-ಸಿ 7ರ ಸುತ್ತಮುತ್ತ, ರಕ್ತದೊತ್ತಡ 130/80ರ ಕೆಳಗೆ ಎಂಬುದು ಸಾಮಾನ್ಯ ಗುರಿ. ವಯಸ್ಸಾದವರಿಗೆ ಸ್ವಲ್ಪ ಸಡಿಲ ಬಿಡುವುದುಂಟು. ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಗುಳಿಗೆ ಹೃದ್ರೋಗವಿರುವ ಸಕ್ಕರೆ ಕಾಯಿಲೆಯವರಲ್ಲಿ ಹೃದಯ ಸಂಬಂಧದ ಸಾವನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಿದ್ದು 2015ರಲ್ಲಿ ತಿಳಿದುಬಂತು. ಬೆಲೆಯಿಂದಾಗಿ ಅದು ನಮ್ಮಂಥವರಿಗೆ ದೂರವಿತ್ತು. 2025ರ ಮಾರ್ಚ್‌ನಲ್ಲಿ ನಮ್ಮ ದೇಶದಲ್ಲಿ ಅದರ ಪೇಟೆಂಟ್ ಮುಗಿದು, ಹಲವು ಕಂಪನಿಗಳು ತಯಾರಿಸತೊಡಗಿ ಬೆಲೆ ಬಹಳ ಇಳಿದಿದೆ. ತಮಗೆ ಅದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ ನೋಡಬಹುದು.

ನಮ್ಮದೇ ಬೆಳೆಯ ವಿಷಯದಲ್ಲಿ ಒಂದು ಮಾತು ಬರೆಯಲು ಕೈ ಹಿಂದೆಗೆದರೂ ಬರೆಯದೆ ಬಿಡಲಾಗದು. ಅಡಿಕೆ ತಿನ್ನಿಸಿದ ಇಲಿಗಳಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ವರದಿ 1994ರಲ್ಲೇ ಬಂದಿತ್ತು. ತೈವಾನಿನ ಅಧ್ಯಯನಗಳಲ್ಲಿ ಅಡಿಕೆ ಅಗಿಯುವವರಲ್ಲಿ ಸಕ್ಕರೆ ಕಾಯಿಲೆಯೂ ಹೃದ್ರೋಗವೂ ಹೆಚ್ಚೆಂದು ಕಂಡಿದೆ. ಅಡಿಕೆಯ ಮಾನ, ಮಾರುಕಟ್ಟೆಗಳ ವಾದವನ್ನು ಬೇರೆ ಕಡೆ ನಡೆಸೋಣ. ಸಕ್ಕರೆ ಕಾಯಿಲೆಯಿರುವ ಬೆಳೆಗಾರ ತಾನು ಬೆಳೆದದ್ದನ್ನು ಮಾರಲಿ. ದಿನವಿಡೀ ದವಡೆಯಲ್ಲಿಟ್ಟುಕೊಳ್ಳುವುದು ಬೇಡ, ಹೊಗೆಸೊಪ್ಪಿನ ಜೊತೆಗಂತೂ ಸರ್ವಥಾ ಬೇಡ.

ಕೊನೆಯದಾಗಿ, ಹೆಪ್ಪು ಕಟ್ಟಿಯೇಬಿಟ್ಟಾಗ ಮಾಡತಕ್ಕದ್ದು. ನಾಳ ಮುಚ್ಚಿದ ಗಳಿಗೆಯಿಂದ ಹೃದಯದ ಮಾಂಸಖಂಡ ಸಾಯತೊಡಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಎರಡು ಮೂರು ಗಂಟೆಗಳೊಳಗೆ ಬಿದ್ದರೆ ಹೆಚ್ಚಿನ ಫಲ. ಹನ್ನೆರಡು ಗಂಟೆ ಕಳೆದ ಮೇಲೆ ಕೊಡುವುದಿಲ್ಲ. ಟೆನೆಕ್ಟಿಪ್ಲೇಸ್ ಎಂಬುದು ಇಂಥದೊಂದು ಔಷಧಿ. ಮೇಲೆ ಹೇಳಿದ ಪಿ.ಎ.ಐ.-1 ಎಂಬ ಅಡ್ಡಿಗಾರನಿಗೆ ಸುಲಭವಾಗಿ ಬಗ್ಗದಂತೆ ಅದನ್ನು ರೂಪಿಸಿದ್ದಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. 46ನೆಯ ವಯಸ್ಸಿನಲ್ಲಿ, 2021ರ ಅಕ್ಟೋಬರ್ 29ರಂದು ಹಠಾತ್ತನೆ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ, ಇಂಜೆಕ್ಷನ್ ಬೇಕೇ ಬೇಡವೇ ಎಂದು ನಿಮಿಷಗಳಲ್ಲಿ ತಿಳಿಸುವ ಏರ್ಪಾಡು ಇದು. ಹಾಸನದ ಪ್ರಕರಣದ ಬಳಿಕ, 2025ರ ಜುಲೈನಲ್ಲಿ, ಇದನ್ನು ಎಲ್ಲ ತಾಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು. ತಮಗೆ ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ದಾಸ್ತಾನಿದೆಯೇ, ರಾತ್ರಿ ವೇಳೆ ಇ.ಸಿ.ಜಿ. ತೆಗೆಯುವವರು ಇರುತ್ತಾರೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ಒಮ್ಮೆ ಹೋಗಿ ವಿಚಾರಿಸಿ ಬರಬೇಕು. ತುರ್ತಿನಲ್ಲಿ ಯಾವ ರಸ್ತೆ ಹಿಡಿಯಬೇಕೆಂಬ ಚರ್ಚೆಯಲ್ಲೇ ಅರ್ಧ ಗಂಟೆ ಕಳೆದುಹೋಗುತ್ತದೆ. ರೋಗಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದಕ್ಕಿಂತ 108ಕ್ಕೆ ಫೋನ್ ಮಾಡುವುದು ಮೇಲು. ದಾರಿಯಲ್ಲಿ ಹೃದಯ ನಿಂತರೆ ನೋಡಿಕೊಳ್ಳುವವರು ಅದರಲ್ಲಿರುತ್ತಾರೆ.

ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ತೆಗೆಸುವ ಇ.ಸಿ.ಜಿ. ಕಾಗದವನ್ನು ಎಸೆಯಬಾರದು. ಹೊಸ ಇ.ಸಿ.ಜಿ.ಯಲ್ಲಿ ಕಂಡ ಬದಲಾವಣೆ ಇಂದಿನದೋ ಹಳೆಯದೋ ಎಂದು ತಿಳಿಯಲು ವೈದ್ಯರಿಗೆ ಹಳೆಯ ಕಾಗದ ಬಹಳ ಉಪಯೋಗಕ್ಕೆ ಬರುತ್ತದೆ. ಅದರ ಬರಹ ಬೇಗ ಮಾಸಿಹೋಗುವುದರಿಂದ ಒಂದು ಜೆರಾಕ್ಸ್ ಮಾಡಿಸಿ, ನುಂಗುವ ಗುಳಿಗೆಗಳ ಪಟ್ಟಿಯೊಂದಿಗೆ ಸಂಘದ ಪಾಸ್‌ಬುಕ್ಕಿನ ಹೊದಿಕೆಯಲ್ಲಿಟ್ಟುಕೊಳ್ಳಿ. ಆ ಪಾಸ್‌ಬುಕ್ ಎಲ್ಲಿದೆಯೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.